ಮೊಣಕಾಲ ಮೇಲಿನ ಕೈ

ಲಿಂಗರಾಜಪುರದ ಮೇಲ್ಸೇತುವೆಯ ಹಿಂದೊಂದು ವಠಾರ. ಇನ್ನೂ ಬೆಳಕು ಹರಿದಿಲ್ಲ. ಕೊನೆಯ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಮತ್ತೆ ಶುರುವಾಗುವವರೆಗಿನ ಬಿಡುವು ಕೇಳುವವರಿಗೆ ಉದ್ದ ಅನ್ನಿಸುತ್ತದೆ.

ಒಳಗೆ ಹುಸೇನಮ್ಮ ನೆಲದ ಮೇಲೆ ಕೂತಿದ್ದಾರೆ. ಒಂದು ಮೊಣಕಾಲು ಎತ್ತಿ ನಿಲ್ಲಿಸಿ, ಅದರ ಮೇಲೆ ಮೊಣಕೈ ಊರಿ, ಅಂಗೈಯನ್ನಷ್ಟೇ ಆಡಿಸುತ್ತ ಜೋಳದ ಹಿಟ್ಟು ತಟ್ಟುತ್ತಿದ್ದಾರೆ. ಭುಜ ಮೇಲೇಳುವುದಿಲ್ಲ. ಒಲೆ, ಹಿಟ್ಟಿನ ಡಬ್ಬಿ, ನೀರು, ಒದ್ದೆ ಬಟ್ಟೆ ಎಲ್ಲವೂ ಕೈಗೆಟುಕುವಷ್ಟು ಹತ್ತಿರ ಇವೆ. ಒಮ್ಮೆ ಕೂತರೆ ಕೆಲಸ ಮುಗಿಯುವವರೆಗೆ ಅವರು ಏಳುವುದಿಲ್ಲ.

"ಕೂಡೋದು ನಂದು, ಏಳ್ಸೋದು ಮಗಳದು," ಎನ್ನುತ್ತಾರೆ. ಕಿಟಕಿಯ ಸರಳಿಗೊಂದು ಹಗ್ಗ ಕಟ್ಟಿದೆ. ಅದನ್ನು ಹಿಡಿದು, ಮಗಳು ಬೆನ್ನಿಗೆ ಕೈ ಕೊಟ್ಟರೆ ಮಾತ್ರ ನಿಲ್ಲಲು ಸಾಧ್ಯ.

ಹುಸೇನಮ್ಮನಿಗೆ ಮೂವತ್ತಾರು. ಊರು ಯಾದಗಿರಿ ಜಿಲ್ಲೆಯಲ್ಲಿ. ಗಂಡ ಈರೇಶನ ಜೊತೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು, ತಲೆಯ ಮೇಲೆ ಬುಟ್ಟಿ ಎತ್ತಲು ಆಗದಾದಾಗ ರೊಟ್ಟಿಗೆ ಕೂತರು. ಬೆಳಿಗ್ಗೆ ಈರೇಶ ರೊಟ್ಟಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು, ಸೇತುವೆಯ ಕೆಳಗೆ ಮೇಸ್ತ್ರಿಗೆ ಕಾಯುವ ತಮ್ಮ ಕಡೆಯ ಕೂಲಿಗಳಿಗೆ ಮಾರುತ್ತಾರೆ. ಆಮೇಲೆ ಅವರ ಜೊತೆ ತಾವೂ ಕೆ.ಆರ್. ಪುರದ ಕಡೆ ಕೆಲಸಕ್ಕೆ ಹೋಗುತ್ತಾರೆ. ಹಿಂದೆ ದಿನಕ್ಕೆ ನೂರು ರೊಟ್ಟಿ ಆಗುತ್ತಿತ್ತು. ಈಗ ಐವತ್ತಾದರೆ ಹೆಚ್ಚು, ಅವುಗಳ ಅಂಚೂ ದಪ್ಪವಾಗುತ್ತಿದೆ.

ಬಾಗಿಲಿಗೇ ಬಂದು ರೊಟ್ಟಿ ಒಯ್ಯುವ ಪೇಂಟರ್ ಭಗವಂತರಾಯ ಕೇಳುತ್ತಾನೆ: "ಯಕ್ಕಾ, ಇದು ರೊಟ್ಟಿಯೋ, ಮನಿ ಮ್ಯಾಲಿನ ಹೆಂಚೋ?"

"ತಿನ್ನಾಕ ಬರದಿದ್ರ ಮನಿ ಮ್ಯಾಲೇ ಹಾಕ್ಕೋ. ಮಳಿ ಸೋರಂಗಿಲ್ಲ."

ಅವನು ನಗುತ್ತ ಹೋಗುತ್ತಾನೆ. ಹುಸೇನಮ್ಮ ಮುಂದಿನ ರೊಟ್ಟಿಯ ಅಂಚನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ.

ಅವರ ಮನೆಯಲ್ಲಿ ಇದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. "ನಮ್ಮಣ್ಣ ಮುತ್ತಣ್ಣನೂ ಹಿಂಗೇ ಏಳ್ತಿದ್ದ. ಮೊದ್ಲು ನೆಲಕ್ಕ ಕೈ, ಆಮ್ಯಾಲ ಮೊಣಕಾಲಿಗೆ, ಆಮ್ಯಾಲ ತೊಡಿಗೆ. ತನ್ನ ಮೈನೇ ತಾನು ಹತ್ತಿದಂಗ. ನಮ್ಮ ಮನಿತನದವರು ಏಳೋದೇ ಹಂಗ ಅಂತಿದ್ರು ಊರಾಗ. ಮೂಗು ಹೋಲ್ತದಲ್ರಿ, ಹಂಗ." ಮುತ್ತಣ್ಣ ಹಾಸಿಗೆ ಹಿಡಿದಾಗಲೂ ಯಾರದೋ ಕಣ್ಣು ಬಿದ್ದಿದೆ ಎಂದರು. ಅವನು ತೀರಿಕೊಂಡ ವರ್ಷವೇ ಹುಸೇನಮ್ಮನನ್ನು ತಾಯಿಯ ತಮ್ಮನಾದ ಈರೇಶನಿಗೆ ಕೊಟ್ಟರು. ಮನೆಯ ಹುಡುಗಿ ಮನೆಯಲ್ಲೇ ಇರಲಿ ಎಂದು. ಗಂಡನನ್ನು ಅವರು ಈಗಲೂ ಮಾಮಾ ಎಂದೇ ಕರೆಯುತ್ತಾರೆ.

ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ನಾಯುಗಳು ಸವೆಯುತ್ತ ಹೋಗುತ್ತವೆ, ವಾಸಿ ಮಾಡುವ ಔಷಧಿ ಇಲ್ಲ. ಗಂಡ ಹೆಂಡತಿ ಒಂದೇ ರಕ್ತದವರಾದ್ದರಿಂದ ಮಗುವಿಗೂ ಬಂದಿರಬಹುದು, ಮುಂದಿನ ಸಲ ಮಗಳನ್ನು ಕರೆತನ್ನಿ ಎಂದರು ಡಾಕ್ಟರು.

"ವಾಪಸ್ ಬರಬೇಕಾದ್ರ ಬಸ್ಸಿನಾಗ ನನ್ನ ಬಾಜೂ ಸೀಟು ಖಾಲಿ ಇತ್ರಿ. ಮಾಮಾ ಕೂಡ್ಲಿಲ್ಲ. ಇಳಿಯೋತನಕ ನಿಂತೇ ಬಂದ."

ಆ ದಿನದ ಬಗ್ಗೆ ಇಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಮತ್ತೆ ಆಸ್ಪತ್ರೆಗೂ ಹೋಗಿಲ್ಲ.

ಮಗಳು ಪ್ರಿಯದರ್ಶಿನಿ ಒಂಬತ್ತನೇ ತರಗತಿ. ಅವಳೂ ಮೊಣಕಾಲ ಮೇಲೆ ಕೈಯಿಟ್ಟೇ ಏಳುತ್ತಾಳೆ. "ಸಣ್ಣಾಕಿ ಇದ್ದಾಗಿಂದ ನನ್ನ ನೋಡ್ಕೊಂತ ಬೆಳದಾಳ. ನೋಡಿ ಕಲ್ತಾಳೋ, ಒಳಗಿಂದ ಬಂದದೋ, ಹೆಂಗ ತಿಳೀಬೇಕ್ರಿ? ಕೈ ಊರದ ಏಳು ಅಂದ್ರ ಅಲ್ಲೇ ಗೊತ್ತಾಗ್ತದ. ಅನ್ನಾಕ ಬಾಯೇ ಬರವಲ್ದು." ಅದಕ್ಕೇ ಮಗಳು ಏಳುವ ಹೊತ್ತಿಗೆ ಅವರು ಮುಖವನ್ನು ಒಲೆಯ ಮೇಲಿನ ಹಂಚಿನ ಕಡೆ ತಿರುಗಿಸಿಕೊಳ್ಳುತ್ತಾರೆ.

ವಠಾರದ ಒಡತಿ ಆಂಜನಮ್ಮನವರ ಕೋಣೆ ಪಕ್ಕದಲ್ಲೇ ಇದೆ. "ಮೊದ್ಲು ಇವಳ ರೊಟ್ಟಿ ಸದ್ದಿಗೆ ನಂಗೆ ಎಚ್ಚರ ಆಗ್ತಿತ್ತು. ಈಗ ಸದ್ದು ನಿಂತಾಗ ಎಚ್ಚರ ಆಗುತ್ತೆ," ಎನ್ನುತ್ತಾರೆ ಅವರು.

ಕಿಟಕಿಯಲ್ಲಿ ಬೆಳಕು ಕಾಣಿಸುತ್ತಿದೆ. ಯೂನಿಫಾರಂ ತೊಟ್ಟ ಪ್ರಿಯದರ್ಶಿನಿ ತಾಯಿಯ ಪಕ್ಕ ಕೂತು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಮುಗಿಸುತ್ತಾಳೆ. ಈರೇಶ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದಾರೆ.

"ಅಮ್ಮಾ, ಲೇಟಾಯ್ತು. ತಾಳು, ನಾನೆದ್ದು ನಿನ್ನ ಎಬ್ಬಿಸ್ತೀನಿ." ಅವಳ ಕೈ ಮೊಣಕಾಲಿಗೆ ಹೋಗುತ್ತದೆ.

ರೊಟ್ಟಿಯ ಸದ್ದು ನಿಲ್ಲುತ್ತದೆ. ಹುಸೇನಮ್ಮ ಈ ಸಲ ಹಂಚಿನ ಕಡೆ ತಿರುಗುವುದಿಲ್ಲ.

"ಕೈ ತಗಿ. ಹಂಗೇ ಏಳು."

"ಯಾಕಮ್ಮಾ?"

"ಏಳು, ನೋಡಾಮು."

"ನಮ್ಮ ಪಿ.ಟಿ. ಮಿಸ್ ಥರಾನೇ ಆಡ್ತೀಯಲ್ಲ!" ಹುಡುಗಿ ನಗುತ್ತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಅರ್ಧ ಏಳುತ್ತಾಳೆ. ಅಲ್ಲೇ ನಿಲ್ಲುತ್ತಾಳೆ. ತೊಡೆಗಳು ನಡುಗುತ್ತವೆ. ಮುಖದ ಮೇಲಿನ ನಗು ಹೋಗುವ ಮೊದಲೇ ಕುಸಿದು ಕೂರುತ್ತಾಳೆ. ಮತ್ತೊಮ್ಮೆ ಪ್ರಯತ್ನಿಸುತ್ತಾಳೆ. ಈ ಬಾರಿ ಕೈ ತಾನಾಗಿಯೇ ಮೊಣಕಾಲಿಗೆ ಬರುತ್ತದೆ.

ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ.

ಹುಸೇನಮ್ಮ ಅದನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಒಲೆ ಆರಿಸುತ್ತಾರೆ. ಬಾಗಿಲ ಕಡೆ ನೋಡುತ್ತಾರೆ.

"ಮಾಮಾ, ನಾಳಿಗೆ ರೊಟ್ಟಿ ಇಲ್ಲಂತ ಎಲ್ಲಾರಿಗೂ ಹೇಳು. ದವಾಖಾನಿಗೆ ಹೋಗಮು, ಮೂರೂ ಮಂದಿ." ಆಮೇಲೆ ಹೇಳುತ್ತಾರೆ: "ಈ ಸಲ ಬಸ್ಸಿನಾಗ ನಿಂದ್ರಬ್ಯಾಡ. ನಮ್ಮ ಬಾಜೂ ಕೂಡು."