‘ನಾವು’ ಎನ್ನುತ್ತಿದ್ದ ಭಾಗವತರು

ಅವರ ಬಲ ಭುಜ ಎಡ ಭುಜಕ್ಕಿಂತ ತುಸು ಮೇಲಿತ್ತು. ಕೋಟು ಹಾಕಿದರೆ ಒಂದು ತೋಳು ಗಿಡ್ಡವಾದಂತೆ ಕಾಣುತ್ತಿತ್ತು. ಜರ್ಮನಿಯ ಒಂದು ಸರ್ಕಾರಿ ರಂಗಮಂದಿರದಲ್ಲಿ ಜೀವಮಾನವಿಡೀ ಕೋಲು ಹಿಡಿದು ವಾದ್ಯವೃಂದ ನಡೆಸಿದ್ದರ ಗುರುತು ಅದು. ತೊಂಬತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಲಂಡನ್ನಿನ ಗ್ರೀನ್‌ಫರ್ಡಿಗೆ ಬಂದಾಗ ಅವರು ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದರು. ನನ್ನ ಗಂಡನಿಗೆ ಗೋದಾಮಿನಲ್ಲಿ ಪಾಳಿ ಕೆಲಸ. ಹಗಲಿಡೀ ಮಾತಿಗೊಂದು ಜನವಿಲ್ಲದೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೇಲಿನವರ ಗತಿಯೂ ಅಷ್ಟೇ ಆಗಿತ್ತು.

ನಾನು ಅವರನ್ನು ಭಾಗವತರು ಎಂದೇ ಕರೆದೆ. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ಮನೆಯವಳಾದರೂ ನಾನು ಕುಂದಾಪುರದ ಕಡೆಯವಳು. ನಮಗೆ ಆಟ ನಡೆಸುವವರೆಂದರೆ ಯಕ್ಷಗಾನದ ಭಾಗವತರೇ. ನಮ್ಮಲ್ಲಿ ಭಾಗವತರು ಕೂತುಕೊಂಡು, ತಾವೇ ಹಾಡುತ್ತಾ, ಇಡೀ ಮೇಳವನ್ನು ಕುಣಿಸುತ್ತಾರೆ ಎಂದು ವಿವರಿಸಿದಾಗ ಅವರಿಗೆ ಬಹಳ ಖುಷಿಯಾಯಿತು. ಮೇಳದ ಯಜಮಾನರಿಗೂ ಭಾಗವತರಿಗೂ ಜಗಳ ಬರುವುದಿಲ್ಲವೇ ಎಂದು ಕೇಳಿದರು. ಅವರಲ್ಲಿ ಬರುತ್ತಿತ್ತಂತೆ. ರಂಗಮಂದಿರಕ್ಕೊಬ್ಬ ಮುಖ್ಯಸ್ಥ, ವೃಂದಕ್ಕೊಬ್ಬ ಮುಖ್ಯಸ್ಥ, ಒಂದೇ ಒರೆಯಲ್ಲಿ ಎರಡು ಕತ್ತಿ.

ಅವರ ಬಾಯಲ್ಲಿ ‘ನಾನು’ ಎಂಬುದು ಬರುತ್ತಲೇ ಇರಲಿಲ್ಲ. ಎಲ್ಲವೂ ‘ನಾವು’. ಊರಿನ ದೊಡ್ಡ ಮನುಷ್ಯರು ತಮ್ಮೊಬ್ಬರನ್ನೇ ನಾವು ಎಂದುಕೊಳ್ಳುತ್ತಾರಲ್ಲ, ಇದೂ ಅದೇ ದೊಡ್ಡಸ್ತಿಕೆ ಎಂದುಕೊಂಡೆ. ಗಂಡನ ಹತ್ತಿರ ಆಡಿಕೊಂಡು ನಕ್ಕದ್ದೂ ಉಂಟು. ಒಂದು ದಿನ ಚಾ ಕುಡಿಯುತ್ತಾ, ರಾಜರು ನಮ್ಮನ್ನು ಸಾಕುತ್ತಿದ್ದಾಗ ಅವರ ಊಟದ ಹೊತ್ತಿಗೂ ನಾವು ನುಡಿಸಬೇಕಿತ್ತು ಎಂದರು. ಇವರು ಹುಟ್ಟುವಾಗ ಅಲ್ಲಿ ರಾಜರೆಲ್ಲಿದ್ದರು? ನಿಮಗೆ ವಯಸ್ಸೆಷ್ಟು ಮಾರಾಯ್ರೇ ಎಂದು ಕೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಕುರ್ಚಿಯಲ್ಲಿ ಕೂತವರು ಸಾಯುತ್ತಾರೆ, ಇನ್ನೊಬ್ಬರು ಬಂದು ಕೂರುತ್ತಾರೆ, ವೃಂದ ಮಾತ್ರ ಅದೇ. ಅದಕ್ಕೇ ಅದು ‘ನಾವು’ ಎಂದರು. ರಾಜರು ಹೋಗಿ ಸರ್ಕಾರ ಬಂದದ್ದು, ಯುದ್ಧದಲ್ಲಿ ರಂಗಮಂದಿರ ಸುಟ್ಟುಹೋದ ಮೇಲೆ ಚಳಿ ಕೊರೆಯುವ ಹಜಾರವೊಂದರಲ್ಲಿ ಕೋಟು ತೊಟ್ಟೇ ನುಡಿಸಿದ್ದು, ಎಲ್ಲವನ್ನೂ ನಿನ್ನೆ ಮೊನ್ನೆ ನಡೆದ ಹಾಗೆ ಹೇಳಿದರು. ಆಮೇಲೆ ನಾನು ಅವರನ್ನು ಆಡಿಕೊಳ್ಳಲಿಲ್ಲ.

ಒಂದೇ ಒಂದು ಸಂಗತಿಗೆ ಅವರು ‘ನಾನು’ ಎಂದರು. ಎರಡು ಜರ್ಮನಿ ಒಂದಾದ ಮೇಲೆ, ನಿಮ್ಮ ವೃಂದವನ್ನೂ ಪಕ್ಕದ ಊರಿನದನ್ನೂ ಸೇರಿಸಿ ಒಂದು ಮಾಡಿ, ಇಲ್ಲದಿದ್ದರೆ ಎರಡಕ್ಕೂ ಬಾಗಿಲು ಹಾಕುತ್ತೇವೆ ಎಂದಿತಂತೆ ಸರ್ಕಾರ. ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಆರಿಸುವ ಕೆಲಸ ಇವರ ತಲೆಗೆ ಬಿತ್ತು. ಇವರ ಹೆಂಡತಿಯೂ ಅದೇ ವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು.

“ನಾನು ಮೊದಲು ಅವಳನ್ನೇ ಬಿಡಿಸಿದೆ,” ಎಂದರು. “ಅವಳನ್ನು ಉಳಿಸಿಕೊಂಡು ಬೇರೆಯವರ ಮುಖ ಹೇಗೆ ನೋಡಲಿ?”

ಹೆಂಡತಿ ಮತ್ತೆ ಪಿಟೀಲು ಮುಟ್ಟಲಿಲ್ಲ, ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಕೆ ತೀರಿಕೊಂಡ ಮೇಲೆ ಇವರು ಮಗಳಿದ್ದ ಲಂಡನ್ನಿಗೆ ಬಂದರು. ಹೆಂಡತಿ ತಮ್ಮನ್ನು ಕ್ಷಮಿಸಿದ್ದರೋ ಇಲ್ಲವೋ ಎಂಬುದೊಂದೇ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಮಗಳು ಭಾನುವಾರಗಳಂದು ಊರಿನ ಇನ್ನೊಂದು ತುದಿಯ ಟೂಟಿಂಗಿನಿಂದ ಬಂದು ಸೂಪು ಮಾಡಿಟ್ಟು ಹೋಗುತ್ತಿದ್ದಳು. ಅಪ್ಪ ಮಗಳ ನಡುವೆ ಚಳಿ, ಮಳೆ, ಟ್ಯೂಬು ರೈಲು ತಡವಾದದ್ದು, ಇಷ್ಟೇ ಮಾತು. ಮಗಳನ್ನಾದರೂ ಕೇಳಿ ನೋಡಬಾರದೇ ಎಂದು ನಾನು ಬಹಳ ಸಲ ಹೇಳಿದೆ.

“ಕ್ಷಮಿಸಿರಲಿಲ್ಲ ಅಂದುಬಿಟ್ಟರೆ?” ಎಂದು ಅವರು ಕಿಟಕಿಯ ಕಡೆ ತಿರುಗುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರದ ಒಂದು ಚಳಿಗಾಲದಲ್ಲಿ ಭಾಗವತರು ನ್ಯುಮೋನಿಯಾ ಬಂದು ತೀರಿಹೋದರು. ಅಷ್ಟು ಜನರನ್ನು ಕೋಲಿನ ತುದಿಯಲ್ಲಿ ನಡೆಸಿದವರ ಅಂತ್ಯಕ್ರಿಯೆಗೆ ಬಂದವರು ಮಗಳು, ಪಾದ್ರಿ, ನಾನು ಮತ್ತು ನನ್ನ ಗಂಡ. ಪ್ರಾರ್ಥನೆ ಶುರುವಾಗುವ ಮೊದಲು ನಾನು ಧೈರ್ಯ ಮಾಡಿ ಮಗಳ ಹತ್ತಿರ ಆ ಮಾತು ತೆಗೆದೆ.

“ಅಮ್ಮನಿಗೆ ಸಿಟ್ಟೇ ಇರಲಿಲ್ಲ,” ಎಂದಳು. “ಸಂಧಿವಾತದಿಂದ ಅವಳ ಬೆರಳ ಗಂಟುಗಳು ಆಗಲೇ ಹೋಗಿದ್ದವು. ತಾನೇ ಬಿಡಬೇಕು ಅಂತಿದ್ದಳು. ಅಷ್ಟರಲ್ಲಿ ಅಪ್ಪ ಹಾಗೆ ಮಾಡಿದರು. ಈಗ ಹೇಳಿದರೆ ಅವರು ಮಾಡಿದ ತ್ಯಾಗ ಸಣ್ಣದಾಗುತ್ತೆ ಅಂತ ಸುಮ್ಮನಾದಳು. ಅಪ್ಪ ಒಂದು ಸಲ ಕೇಳಿದ್ದರೆ ನಾನೇ ಹೇಳುತ್ತಿದ್ದೆ.”

ಅಯ್ಯೋ ದೇವರೇ! ಇದನ್ನು ಕೇಳಬೇಕಾದವರು ಎದುರಿಗೇ ಪೆಟ್ಟಿಗೆಯೊಳಗೆ ಮಲಗಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು, ನಾನು ಕಂಡೇ ಇರದ ಆ ಹೆಂಗಸಿನ ಮೇಲೂ ಸಿಟ್ಟು ಬಂತು, ಕೊನೆಗೆ ಅಳು ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಾದರೂ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ನಾನು ಬಿಡುವುದಿಲ್ಲ. ಒಲೆ ಆರಿಸಿ, ಎದುರು ಕೂತು, ಏನೆಂದು ಕೇಳಿಯೇ ಏಳುತ್ತೇನೆ.