ಹದಿನಾಲ್ಕನೇ ಹಾಸಿಗೆಯ ಪೇನ್ ಸ್ಕೋರ್

ಕೋವಿಡ್ ಕಾಲ ಮುಗಿದು ಎರಡು ವರ್ಷ ಕಳೆದಿತ್ತು. ಬಸವನಗುಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಮೂವತ್ತೊಂದು ವರ್ಷದ ಸರ್ವಿಸ್ ಆಗಿತ್ತು, ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಆ ವರ್ಷವೇ ನಮ್ಮ ಮಹಿಳೆಯರ ಸರ್ಜಿಕಲ್ ವಾರ್ಡಿಗೆ ಎಐ ಬಂತು. ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಅದಕ್ಕೇ ನಾನು ಕಂಡ ಎಐ ಎಂಥದ್ದೆಂದು ಹೇಳಿಬಿಡುತ್ತೇನೆ. ಆ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಆಪರೇಷನ್ ಆದವರ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಬರೆದಿಡುತ್ತೇವೆ. ಅದನ್ನೇ ಪೇನ್ ಸ್ಕೋರ್ ಅನ್ನುವುದು. ಹಿಂದೆ ನರ್ಸ್ ಹಾಸಿಗೆಯ ಪಕ್ಕ ನಿಂತು, ಎಲ್ಲಿ ನೋಯುತ್ತದೆ ಎಂದು ಕೇಳಿ, ಮುಟ್ಟಿ ನೋಡಿ ಬರೆಯುತ್ತಿದ್ದಳು. ಹೊಸ ವ್ಯವಸ್ಥೆಯಲ್ಲಿ ಪ್ರತಿ ಹಾಸಿಗೆಯ ಮೇಲೂ ಒಂದು ಕ್ಯಾಮೆರಾ. ಹುಬ್ಬು ಗಂಟಿಕ್ಕಿದೆಯೇ, ಬಾಯಿ ಬಿಗಿದಿದೆಯೇ ಎಂದು ಹತ್ತು ನಿಮಿಷಕ್ಕೊಮ್ಮೆ ಮುಖ ನೋಡಿ ಎಐ ತಾನೇ ಅಂಕಿ ಹಾಕುತ್ತಿತ್ತು. ನಾಲ್ಕು ದಾಟಿದರೆ ಡ್ಯೂಟಿ ಡಾಕ್ಟರ ಫೋನಿಗೆ ಅಲರ್ಟ್. ನರ್ಸ್ ಬೇರೆ ಅಂಕಿ ಬರೆಯಬೇಕಾದರೆ ಕಾರಣ ಕೊಟ್ಟು ನನ್ನ ಒಪ್ಪಿಗೆ ಪಡೆಯಬೇಕು. ಆ ಆದೇಶಕ್ಕೆ ಸಹಿ ಹಾಕಿದವಳೂ ನಾನೇ. ಒಬ್ಬ ನರ್ಸ್ ಹದಿನೆಂಟು ಹಾಸಿಗೆ ನೋಡುತ್ತಿದ್ದ ಕಾಲ, ಭಾರ ಇಳಿಯುತ್ತದಲ್ಲ ಎಂದು ಖುಷಿಯಿಂದಲೇ ಹಾಕಿದೆ.

ಹದಿನಾಲ್ಕನೇ ಹಾಸಿಗೆಯಲ್ಲಿ ಗಂಗಮ್ಮ ಇದ್ದರು. ತರಗುಪೇಟೆಯ ಮಂಡಿಯೊಂದರಲ್ಲಿ ಬೇಳೆಕಾಳು ಹಸನು ಮಾಡುವವರು, ಅರವತ್ತರ ಆಸುಪಾಸು. ಪಿತ್ತಕೋಶದಲ್ಲಿ ಕಲ್ಲಾಗಿ ಲ್ಯಾಪರೋಸ್ಕೋಪಿ ಮಾಡಿದ್ದರು, ಅಂದರೆ ಹೊಟ್ಟೆ ಸೀಳದೆ ಸಣ್ಣ ತೂತುಗಳಿಂದ ಮಾಡುವ ಆಪರೇಷನ್. ಎರಡೇ ದಿನದಲ್ಲಿ ಮನೆಗೆ ಹೋಗಬೇಕಾಗಿತ್ತು.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರ ಮಗಳು ಮಂಜುಳಾ ನನ್ನ ರೂಮಿಗೆ ನುಗ್ಗಿದಳು. "ಮೇಡಂ, ನಮ್ಮಮ್ಮನ್ನ ಒಂದ್ಸಲ ನೀವೇ ಬಂದು ನೋಡಿ. ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ. ಸಿಸ್ಟರ್‌ನ ಕೇಳಿದ್ರೆ ಸ್ಕೋರ್ ಟೂ ಇದೆ, ಏನಿಲ್ಲ ಅಂತಾರೆ."

ಚಾರ್ಟ್ ತೆಗೆದೆ. ಎರಡು, ಎರಡು, ಒಂದು, ಎರಡು. ನಾಡಿ ಏರಿತ್ತು, ಸಣ್ಣಗೆ ಜ್ವರವೂ ಇತ್ತು. ನೋವೇ ಇಲ್ಲವಲ್ಲ ಎಂದು ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರೂ ಸ್ಕ್ರೀನ್ ನೋಡಿ ಮುಂದಕ್ಕೆ ಹೋಗಿದ್ದರು.

ಗಂಗಮ್ಮ ತಲೆ ಮೇಲೆ ಸೆರಗು ಹೊದ್ದು ನೆಟ್ಟಗೆ ಮಲಗಿದ್ದರು. ನನ್ನನ್ನು ಕಂಡು ನಕ್ಕರು. ಹೊಟ್ಟೆ ಮುಟ್ಟಿದೆ, ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಅವರು ನನ್ನ ಮಣಿಕಟ್ಟು ಹಿಡಿದ ರಭಸಕ್ಕೆ ಉಗುರು ಚರ್ಮಕ್ಕೆ ಇಳಿಯಿತು. ಮುಖ ಮಾತ್ರ ಹಾಗೇ ಇತ್ತು.

"ಇಷ್ಟು ನೋವಿಟ್ಕೊಂಡು ಯಾಕಮ್ಮ ಹೇಳಲಿಲ್ಲ?"

ಅವರು ಕಣ್ಣಲ್ಲೇ ಕ್ಯಾಮೆರಾ ತೋರಿಸಿ ದನಿ ತಗ್ಗಿಸಿದರು. "ಡಾಕ್ಟ್ರು ಅಲ್ಲಿಂದ ನೋಡ್ತಿರ್ತಾರಂತಲ್ಲ ಸಿಸ್ಟರಮ್ಮ. ಅಂಥ ದೊಡ್ಡವರ ಮುಂದೆ ಮುಖ ಕಿವುಚ್ಕೊಂಡು ಬಿದ್ದಿರೋಕಾಗುತ್ತಾ? ಏನಾದ್ರೂ ಇದ್ರೆ ಅವ್ರೇ ಬರ್ತಾರೆ ಅಂದ್ಕೊಂಡೆ."

ಪಿತ್ತರಸ ಸೋರಿ ಹೊಟ್ಟೆಯೆಲ್ಲ ಹರಡಿತ್ತು. ಮಧ್ಯಾಹ್ನವೇ ಹೊಟ್ಟೆ ತೆರೆದು ಎರಡನೇ ಆಪರೇಷನ್ ಮಾಡಿದರು. ಐದು ದಿನ ಐಸಿಯುನಲ್ಲಿ, ಉಳಿಯುತ್ತಾರೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಗಂಗಮ್ಮ ಇನ್ನೂ ಐಸಿಯುನಲ್ಲಿದ್ದಾಗಲೇ ಮೀಟಿಂಗ್ ಕರೆದರು. ಯಂತ್ರದ ಕಂಪನಿಯವನು ಲ್ಯಾಪ್‌ಟಾಪ್ ತೆರೆದು ಬಲು ವಿನಯದಿಂದ ಹೇಳಿದ: "ನಮ್ಮ ಎಐ ಮಾಡೆಲ್ ತಪ್ಪು ಮಾಡಿಲ್ಲ ಮೇಡಂ. ಮುಖದಲ್ಲಿ ನೋವಿರ್ಲಿಲ್ಲ, ಟೂ ಅಂತ ಕೊಡ್ತು. ಪೇಷೆಂಟ್ ಎಕ್ಸ್‌ಪ್ರೆಶನ್ ಕೊಡ್ಬೇಕಿತ್ತು."

ಥೂ. ಹೊಟ್ಟೆ ತುಂಬ ವಿಷ ತುಂಬಿಕೊಂಡು ಸಾವಿನ ಜೊತೆ ಗುದ್ದಾಡುತ್ತಿದ್ದ ಹೆಂಗಸು ಸರಿಯಾಗಿ ನಟಿಸಲಿಲ್ಲವಂತೆ. ಇಷ್ಟು ಹೇಳಿ ಅವನು ಬಿಸ್ಕತ್ತನ್ನು ಟೀಗೆ ಅದ್ದಿದ. ಅಂಕಿ ಕೊಡುವುದಷ್ಟೇ ತಮ್ಮ ಕೆಲಸ, ತೀರ್ಮಾನ ಆಸ್ಪತ್ರೆಯದು ಅಂದ. ಸರ್ಜನ್ ತಾವು ಚಾರ್ಟ್ ನಂಬಿದ್ದಾಗಿ ಹೇಳಿದರು. ನರ್ಸ್‌ಗಳು, ಸ್ಕ್ರೀನಿನಲ್ಲಿದ್ದದ್ದು ಬರೆದೆವು ಅಂದರು. ಎಲ್ಲರ ಕೈಯೂ ತೊಳೆದಿಟ್ಟಷ್ಟು ಶುದ್ಧ. ಯಂತ್ರವನ್ನು ನಾನು ಬೈಯುವುದಿಲ್ಲ, ಒಂದು ಹೊಟ್ಟೆನೋವು ಕಂಡರಿಯದ ವಸ್ತು ಅದು. ನನಗೆ ಹೇಸಿಗೆ ಹುಟ್ಟಿಸಿದ್ದು ಅದರ ಬೆನ್ನ ಹಿಂದೆ ಅವಿತುಕೊಳ್ಳಲು ನಾವು ನುಗ್ಗಾಡಿದ ರೀತಿ.

ಆಡಳಿತಾಧಿಕಾರಿ ಸಿದ್ಧವಾದ ವರದಿಯನ್ನು ನನ್ನ ಕಡೆ ತಳ್ಳಿದರು. "ರೋಗಿಯು ನೋವನ್ನು ಮರೆಮಾಚಿದ್ದರಿಂದ ಚಿಕಿತ್ಸೆ ವಿಳಂಬವಾಯಿತು" ಎಂದಿತ್ತು.

"ಒಂದು ಸೈನ್ ಹಾಕ್ಬಿಡಿ ಮೇಡಂ. ರಿಟೈರ್‌ಮೆಂಟ್ ಹತ್ರ ನಿಮಗ್ಯಾಕೆ ತಲೆನೋವು?"

"ಹಾಕಲ್ಲ. ಆಯಮ್ಮ ಬದುಕ್ಲಿಲ್ಲ ಅಂದ್ರೆ ಅವರ ಮೇಲೇ ತಪ್ಪು ಹೊರಿಸಿ ಕಳಿಸ್ತೀರಾ?" ಅಂದೆ.

ಅವತ್ತೇ ಎರಡು ಪುಟದ ಬೇರೆ ವರದಿ ನಾನೇ ಬರೆದೆ. ಮೊದಲ ಸಾಲಿನಲ್ಲೇ ನನ್ನ ಆದೇಶ ತಪ್ಪೆಂದು ಬರೆದು, ಒಂದು ಪ್ರತಿಯನ್ನು ಮಂಜುಳಾ ಕೈಗೆ ಕೊಟ್ಟೆ. ಆಮೇಲೆ ಆದೇಶ ರದ್ದಾಯಿತು, ನರ್ಸ್ ಕೇಳಿ ಬರೆದ ಅಂಕಿಯೇ ಕೊನೆಯದು ಎಂದಾಯಿತು. ಕ್ಯಾಮೆರಾ ತೆಗೆಯಲಿಲ್ಲ. ಕಂಪನಿಯವರು ಸಾಫ್ಟ್‌ವೇರಿನ ಹೊಸ ವರ್ಷನ್ ಹಾಕಿ ಹೋದರು. ಆಡಳಿತಾಧಿಕಾರಿ ನಾನು ನಿವೃತ್ತಳಾಗುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ.

ಗಂಗಮ್ಮ ಉಳಿದರು. ಹತ್ತೊಂಬತ್ತನೇ ದಿನ ಡಿಸ್ಚಾರ್ಜ್. ಅರ್ಧಕ್ಕರ್ಧ ಇಳಿದುಹೋಗಿದ್ದರು. ಹೊರಡುವಾಗ ವಾರ್ಡಿನ ಕ್ಯಾಮೆರಾ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ಆ ಡಾಕ್ಟ್ರಿಗೆ ನನ್ನ ನಮಸ್ಕಾರ ಹೇಳಿ ತಾಯಿ, ಅಷ್ಟು ದಿನ ಕಣ್ಣಿಟ್ಟು ನೋಡ್ಕೊಂಡ್ರು."

ನನಗೆ ತಡೆಯಲಾಗಲಿಲ್ಲ. "ಅಲ್ಲಿ ಯಾರೂ ಇರ್ಲಿಲ್ಲ ಗಂಗಮ್ಮನವ್ರೇ. ಅದು ಬರೀ ಯಂತ್ರ. ರೋಗಿಗಳು ಕ್ಯಾಮೆರಾ ನೋಡಿ ಹೆದರ್ಬಾರ್ದು ಅಂತ, ಡಾಕ್ಟ್ರು ನೋಡ್ತಿರ್ತಾರೆ ಅಂತ ಹೇಳೋಕೆ ಸಿಸ್ಟರ್‌ಗಳಿಗೆ ಕಲಿಸ್ಕೊಟ್ಟಿದ್ದೂ ನಾನೇ."

ಅವರು ಜೋಡಿಸಿದ ಕೈ ನಿಧಾನವಾಗಿ ಇಳಿಸಿದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಯಾರೂ ಇಲ್ಲ ಅಂತ ಗೊತ್ತಿದ್ದಿದ್ರೆ," ಅಂದರು, "ಬಾಯ್ಬಿಟ್ಟು ಅತ್ತಾದ್ರೂ ಅಳ್ತಿದ್ನಲ್ಲ."

ಮೂವತ್ತೊಂದು ವರ್ಷದ ಕೆಲಸ ಕೊನೆಗೆ ನನಗೆ ಕಲಿಸಿದ್ದು ಇಷ್ಟೇ: ನೋವಿನಲ್ಲಿರುವವರಿಗೆ ನೋಡುತ್ತಿರುತ್ತೇವೆ ಎಂದು ಮಾತು ಕೊಟ್ಟ ಮೇಲೆ, ಎದ್ದು ಹೋಗಿ ನೋಡಬೇಕು.