ಒಂದು ಹತ್ತಕ್ಕೆ ನಿಲ್ಲುತ್ತಿದ್ದ ಡೌನ್‌ಲೋಡ್

೧೯೯೭ರಲ್ಲಿ ನಾನು ದೊಡ್ಡಬಳ್ಳಾಪುರದ ಹೊರವಲಯದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಸಿಸ್ಟಮ್ಸ್ ಎಂಜಿನಿಯರ್ ಆಗಿದ್ದೆ. ಹೆಸರಷ್ಟೇ ದೊಡ್ಡದು, ಕೆಲಸ ಹದಿನಾಲ್ಕು ಕಂಪ್ಯೂಟರ್‌ಗಳನ್ನು ಸಾಕುವುದು. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನಗೇ ಕರೆ ಬರುತ್ತಿತ್ತು.

ಆ ವರ್ಷ ಬೆಂಗಳೂರಿನ ಹೆಡ್ ಆಫೀಸಿನವರು ಹೊಸ ಸ್ಟಾಕ್ ಸಾಫ್ಟ್‌ವೇರ್ ಕಳಿಸಿದರು. ನನ್ನ ಕೋಣೆಯ ಸರ್ವರ್‌ನಿಂದ ಒಂದೊಂದು ಕಂಪ್ಯೂಟರೂ ಅದನ್ನು ನೆಟ್‌ವರ್ಕ್ ಕೇಬಲ್ ಮೂಲಕ ತಾನೇ ಡೌನ್‌ಲೋಡ್ ಮಾಡಿಕೊಳ್ಳಬೇಕಿತ್ತು. ಕೆಲಸದ ಹೊತ್ತಿನಲ್ಲಿ ನೆಟ್‌ವರ್ಕಿಗೆ ಪುರುಸೊತ್ತು ಇರುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಒಂದರಿಂದ ಎರಡರವರೆಗಿನ ಊಟದ ಬಿಡುವನ್ನು ಗೊತ್ತುಮಾಡಿದೆ. ಸ್ಟೋರ್ಸಿನ ಒಂದು ಯಂತ್ರಕ್ಕೆ ಪರೀಕ್ಷೆಗೆಂದು ಮೊದಲೇ ಫ್ಲಾಪಿಗಳಿಂದ ಹಾಕಿದ್ದೆ. ಮಿಕ್ಕವುಗಳಲ್ಲಿ ಏಳಕ್ಕೆ ಮೊದಲ ದಿನವೇ ಬಂತು. ಬಣ್ಣ ಹಾಕುವ ಡೈಯಿಂಗ್ ಮತ್ತು ಪ್ಯಾಕಿಂಗ್ ವಿಭಾಗಗಳ ಆರಕ್ಕೆ ಮಾತ್ರ ಬರಲಿಲ್ಲ.

ಒಂದು ಗಂಟೆಗೆ ಸರಿಯಾಗಿಯೇ ಶುರುವಾಗುತ್ತಿತ್ತು. ಒಂದು ಹತ್ತರ ಸುಮಾರಿಗೆ ಆರೂ ಒಟ್ಟಿಗೆ ನಿಲ್ಲುತ್ತಿದ್ದವು. ಅರ್ಧ ಬಂದ ಫೈಲನ್ನು ಮುಂದುವರಿಸುವ ಸೌಕರ್ಯ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ, ಮರುದಿನ ಮತ್ತೆ ಮೊದಲಿನಿಂದ. ನಾನು ಕೇಬಲ್ ಬದಲಿಸಿದೆ, ನೆಟ್‌ವರ್ಕ್ ಕಾರ್ಡ್ ಬದಲಿಸಿದೆ, ಸರ್ವರ್‌ನ ಸಾಫ್ಟ್‌ವೇರನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಮೂರು ವಾರ ಹೀಗೇ ಕಳೆಯಿತು. ಒಂದು ಗಂಟೆಗೆ ಡೌನ್‌ಲೋಡ್ ಶುರುಮಾಡಿ ನಾನು ಕ್ಯಾಂಟೀನಿಗೆ ಹೋಗಿಬಿಡುತ್ತಿದ್ದೆ. ನಿಲ್ಲುವ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಬೇಕು ಎಂಬುದು ನನ್ನ ಬುದ್ಧಿವಂತ ತಲೆಗೆ ಹೊಳೆದಿರಲಿಲ್ಲ.

ಕೊನೆಗೊಂದು ದಿನ ಊಟ ಬಿಟ್ಟು ಸ್ಟೋರ್ಸಿನಲ್ಲಿ ನಿಂತೆ. ಆ ಆರು ಯಂತ್ರಗಳ ಕೇಬಲ್‌ಗಳು ಬಂದು ಸೇರುವ ಹಬ್ ಎಂಬ ಪುಟ್ಟ ಪೆಟ್ಟಿಗೆ ಅಲ್ಲಿನ ಗುಮಾಸ್ತ ರಾಮಲಿಂಗಪ್ಪನವರ ಮೇಜಿನಡಿ ಇತ್ತು. ಅವರು ಊರಿನ ನೇಕಾರರ ಮನೆಯವರು. ಇಪ್ಪತ್ತು ವರ್ಷ ಪವರ್‌ಲೂಮ್ ಸದ್ದಿನಲ್ಲಿ ದುಡಿದು ಕಿವಿ ಅರ್ಧ ಹೋಗಿತ್ತು. ಮಗ್ಗ ಬಿಡದಿದ್ದರೆ ಉಳಿದರ್ಧವೂ ಹೋಗುತ್ತದೆ ಎಂದು ಡಾಕ್ಟರ್ ಹೇಳಿದ ಮೇಲೆ ಟೈಪಿಂಗ್ ಕಲಿತು ಈ ಕೆಲಸಕ್ಕೆ ಸೇರಿದ್ದರು. ಇನ್ನೂ ಪ್ರೊಬೇಷನ್‌ನಲ್ಲಿದ್ದರು, ಅಂದರೆ ಕೆಲಸ ಕಾಯಂ ಆಗಿರಲಿಲ್ಲ.

ಒಂದು ಹತ್ತಕ್ಕೆ ಅವರು ರಿಜಿಸ್ಟರ್ ಮುಚ್ಚಿ, ಕಂಪ್ಯೂಟರ್ ಆರಿಸಿ, ಬಟ್ಟೆ ಹೊದಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಮೇಜಿನಡಿ ಹಬ್‌ನ ಹಸಿರು ದೀಪಗಳೆಲ್ಲ ಆರಿದವು.

"ಸ್ವಿಚ್ ಯಾಕೆ ಆರಿಸಿದಿರಿ?" ಎಂದು ಜೋರಾಗಿ ಕೇಳಿದೆ.

"ಮಗ್ಗ ಬಿಟ್ಟು ಎದ್ರೆ ಮೇನ್ ಆಫ್ ಮಾಡ್ಬೇಕು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು ಸರ್. ಕರೆಂಟ್ ಹಂಗೇ ಬಿಟ್ಟು ಹೋದ್ರೆ ಯಾರಾದ್ರೂ ಕೈ ಇಟ್ಬಿಡ್ತಾರೆ. ನಮ್ಮ ಚಿಕ್ಕಪ್ಪನ ಎರಡು ಬೆರಳು ಹಂಗೇ ಹೋದ್ವು."

"ಅಯ್ಯೋ ಗುರುವೇ, ಮೂರು ವಾರದಿಂದ ನನ್ನ ಜೀವ ತಿಂದೋರು ನೀವೇನಾ!" ಎಂದು ನಕ್ಕೆ. ಅವರೂ ನಕ್ಕರು. ಅವತ್ತೇ ಹಬ್‌ಗೆ ಬೇರೆ ಕಡೆಯಿಂದ ಕರೆಂಟ್ ಎಳೆದೆ. ಇಪ್ಪತ್ತು ನಿಮಿಷದ ಕೆಲಸ. ಮರುದಿನ ಎರಡು ಗಂಟೆಯೊಳಗೆ ಆರಕ್ಕೆ ಆರೂ ಮುಗಿದವು.

ಹೆಡ್ ಆಫೀಸ್ ಕಾರಣ ಕೇಳಿತು. 'ಸ್ಟೋರ್ಸ್ ಗುಮಾಸ್ತರು ಪ್ರತಿದಿನ ಹಬ್‌ನ ವಿದ್ಯುತ್ ನಿಲ್ಲಿಸುತ್ತಿದ್ದುದು' ಎಂದು ಒಂದೇ ಸಾಲು ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಗೋಡೆಯಾಚೆಯಿಂದ ಹತ್ತು ಮೀಟರ್ ವೈರ್ ಎಳೆಯಲು ಸೋಮಾರಿತನವಾಗಿ, ಹಬ್ ಅನ್ನು ಅವರ ಮೇಜಿನ ಸ್ವಿಚ್ಚಿಗೇ ಸಿಕ್ಕಿಸಿದವನು ನಾನು. ಅದನ್ನು ಅವರಿಗೆ ಹೇಳಿಯೂ ಇರಲಿಲ್ಲ. ನನ್ನ ಬಡ್ತಿಯ ಮಾತು ನಡೆಯುತ್ತಿದ್ದ ತಿಂಗಳು ಅದು, ನನ್ನ ತಪ್ಪಿನ ಸಾಲನ್ನು ಬರೆಯಲಿಲ್ಲ.

ನಾಲ್ಕನೆಯ ದಿನ ಅವರನ್ನು ಕೆಲಸದಿಂದ ತೆಗೆದರು. ಮ್ಯಾನೇಜರರ ಬಾಗಿಲಿನವರೆಗೂ ಹೋಗಿ ನಾನು ವಾಪಸು ಬಂದೆ. ರಾಮಲಿಂಗಪ್ಪ ಟಿಫಿನ್ ಡಬ್ಬಿ ಹಿಡಿದು ನನ್ನ ಕೋಣೆಗೇ ಬಂದರು. "ನನ್ನಿಂದ ನಿಮ್ಗೆ ತುಂಬಾ ತೊಂದ್ರೆ ಆಯ್ತು ಸರ್, ಬೇಜಾರ್ ಮಾಡ್ಕೋಬೇಡಿ" ಎಂದರು. ನಾನು ತಲೆಯೆತ್ತಲಿಲ್ಲ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆಯಾದ ದಿನ ಇನ್ನೊಂದಿಲ್ಲ.

ಒಂದೂವರೆ ವರ್ಷದ ಮೇಲೆ, ಬಡ್ತಿ ಪಡೆದು ಬೆಂಗಳೂರಿಗೆ ಹೊರಡುವ ಮುನ್ನ, ಅವರ ಮನೆ ಹುಡುಕಿಕೊಂಡು ಹೋದೆ. ಬೀದಿಯ ತುಂಬ ಮಗ್ಗದ ಸದ್ದು. ಬಾಗಿಲಲ್ಲಿ ಅವರ ಹೆಂಡತಿ, "ಕೂಗಿದ್ರೆ ಕೇಳಲ್ಲ, ಒಳಗೆ ಹೋಗಿ ಭುಜ ಮುಟ್ಟಿ" ಎಂದರು. ಮುಟ್ಟಿದೆ. ಅವರು ತಿರುಗಿ ನೋಡಿ ಮುಖವರಳಿಸಿದರು. ಮೊದಲು ಮೇನ್ ಆಫ್ ಮಾಡಿದರು, ಕೈಯನ್ನು ಕಣ್ಣಿಗೊತ್ತಿಕೊಂಡರು, ಆಮೇಲೆ ನನ್ನ ಕೈ ಹಿಡಿದರು.

"ತಪ್ಪು ನನ್ನದು ರಾಮಲಿಂಗಪ್ಪ. ಹಬ್ ಅಲ್ಲಿಗೆ ಸಿಕ್ಕಿಸಿದ್ದು ನಾನು" ಎಂದೆ.

ಅವರು ಕಿವಿಗೆ ಅಂಗೈ ಅಡ್ಡ ಹಿಡಿದು ನನ್ನ ತುಟಿಗಳನ್ನೇ ನೋಡಿದರು. "ಏನೂ ಕೇಳಲ್ಲ ಸರ್ ಈಗ. ಅದಿರ್ಲಿ, ಆ ಆರಕ್ಕೂ ಫೈಲ್ ಬಂತಾ?"

ಬಂತು ಎಂದು ತಲೆಯಾಡಿಸಿದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು.

ಕೆಟ್ಟದ್ದನ್ನು ಹುಡುಕುವವನು ತನ್ನ ಕೈಕೆಲಸದಿಂದಲೇ ಶುರುಮಾಡಬೇಕೆಂದು ಈ ವೃತ್ತಿ ನನಗೆ ಕಲಿಸಿತು. ಆಮೇಲೆ ಬರೆದ ಪ್ರತಿ ವರದಿಯಲ್ಲೂ ನನ್ನ ಪಾಲಿನ ತಪ್ಪನ್ನೇ ಮೊದಲ ಸಾಲಾಗಿಸಿದೆ. ಆದರೆ ಅವರ ಮನೆಯಲ್ಲಿ ಅವತ್ತು ನನ್ನ ಜೇಬಿನಲ್ಲಿ ಪೆನ್ನಿತ್ತು, ಅವರಿಗೆ ಓದಲು ಬರುತ್ತಿತ್ತು. ಒಂದು ಚೀಟಿಯಲ್ಲಿ ಬರೆದು ತೋರಿಸಬಹುದಿತ್ತು. ನಾನು ಕಾಫಿ ಕುಡಿದು ಎದ್ದು ಬಂದೆ.